ಅತ್ತ ಲ್ಯಾಮಿನಾರ್ ಅಲ್ಲ, ಇತ್ತ ಟರ್ಬ್ಯುಲೆಂಟೂ ಅಲ್ಲ

ಚಪ್ಪಟೆ ಫಲಕದ ಮೇಲೆ ಗಾಳಿ ಹಾಯುವ ಚಿತ್ರ ಎಂಜಿನಿಯರಿಂಗ್ ಓದಿದ ಎಲ್ಲರಿಗೂ ಪರಿಚಿತ. ಗಾಳಿ ಫಲಕಕ್ಕೆ ಉಜ್ಜಿ ನಿಧಾನವಾಗುವ ತೆಳು ಪದರಕ್ಕೆ ಗಡಿಪದರ ಎಂದು ಹೆಸರು. ಎಡಗಡೆ ಫಲಕದ ಮುಂದಂಚಿನಿಂದ ತೆಳ್ಳಗೆ ಹೊರಡುವ ಲ್ಯಾಮಿನಾರ್ (ನಯವಾಗಿ ಹರಿಯುವ) ಗಡಿಪದರ, ಬಲಗಡೆ ದಪ್ಪಗೆ ಉಬ್ಬಿದ ಟರ್ಬ್ಯುಲೆಂಟ್ (ಕಲಕಿ ಹರಿಯುವ) ಗಡಿಪದರ, ನಡುವೆ ಒಂದು ಚುಕ್ಕಿಗೆರೆ. ಗೆರೆಯ ಪಕ್ಕ 'ರೆನಾಲ್ಡ್ಸ್ ಸಂಖ್ಯೆ ಸುಮಾರು 5 ಲಕ್ಷ' ಎಂದು ಬರೆದಿರುತ್ತದೆ. ಗಾಳಿಯ ವೇಗವನ್ನು ಮುಂದಂಚಿನಿಂದಿರುವ ದೂರದಿಂದ ಗುಣಿಸಿ, ಸ್ನಿಗ್ಧತೆಯಿಂದ (ಗಾಳಿಯ ಅಂಟುತನದಿಂದ) ಭಾಗಿಸಿದರೆ ಬರುವುದು ಈ ಸಂಖ್ಯೆ. ಪರೀಕ್ಷೆ ಪಾಸಾಗಲು ಅಷ್ಟು ಸಾಕು. ಆದರೆ ಗಾಳಿ ಸುರಂಗದೊಳಗೆ ನಿಜವಾದ ಫಲಕ ಇಟ್ಟು ಅಳೆಯಲು ಹೊರಟರೆ ಆ ಗೆರೆ ಎಲ್ಲೂ ಸಿಗುವುದಿಲ್ಲ. ಸಿಗುವುದು ಒಂದು ವಲಯ. ಎಷ್ಟೋ ಸಲ ಅದು ತನಗಿಂತ ಮುಂಚಿನ ಇಡೀ ಲ್ಯಾಮಿನಾರ್ ಭಾಗದಷ್ಟೇ ಉದ್ದ ಇರುತ್ತದೆ.

ರೊದ್ದಂ ನರಸಿಂಹ (1933–2020) ಅವರ ಸಂಶೋಧನಾ ಬದುಕನ್ನು ನೋಡುವುದಕ್ಕೆ ಈ ವಲಯವೇ ಸರಿಯಾದ ಕಿಟಕಿ ಎಂಬುದು ನನ್ನ ಅಭಿಪ್ರಾಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್), ಜವಾಹರಲಾಲ್ ನೆಹರೂ ಕೇಂದ್ರ ಎಂದು ಅವರು ಕೆಲಸ ಮಾಡಿದ ಜಾಗಗಳ ಪಟ್ಟಿ ಉದ್ದ. 2013ರ ಪದ್ಮವಿಭೂಷಣದವರೆಗೆ ಗೌರವಗಳ ಪಟ್ಟಿಯೂ ಉದ್ದ. ಅದನ್ನೆಲ್ಲ ಬದಿಗಿಟ್ಟು ಅವರ ಗಡಿಪದರದ ಕೆಲಸವನ್ನಷ್ಟೇ ಸಾಲಾಗಿ ಜೋಡಿಸಿದರೆ ಒಂದು ಹಟ ಕಾಣುತ್ತದೆ. ಹರಿವು ಒಂದು ಸ್ಥಿತಿ ಬಿಟ್ಟು ಇನ್ನೊಂದಕ್ಕೆ ಇನ್ನೂ ಸೇರಿರದ ಜಾಗಕ್ಕೇ ಅವರು ಮತ್ತೆ ಮತ್ತೆ ಹೋಗುತ್ತಾರೆ. ಹೋದಾಗಲೆಲ್ಲ ಅಲ್ಲಿಂದ ಲೆಕ್ಕಕ್ಕೆ ಒದಗುವ ಒಂದು ಸಂಖ್ಯೆಯೋ ಸೂತ್ರವೋ ಹೊರಬರುತ್ತದೆ.

ಮೊದಲು ಪ್ರಮಾಣಗಳ ಅಂದಾಜು ಸಿಗಲಿ. ಗಾಳಿಯ ವೇಗ ಸೆಕೆಂಡಿಗೆ 10 ಮೀಟರ್, ನಾವು ನೋಡುತ್ತಿರುವುದು ಮುಂದಂಚಿನಿಂದ 1 ಮೀಟರ್ ದೂರದಲ್ಲಿ. ಅಲ್ಲಿ ರೆನಾಲ್ಡ್ಸ್ ಸಂಖ್ಯೆ ಸುಮಾರು 6.7 ಲಕ್ಷ. ಹರಿವು ಲ್ಯಾಮಿನಾರ್ ಆಗಿಯೇ ಉಳಿದಿದ್ದರೆ ಬ್ಲಾಸಿಯಸ್ 1908ರಲ್ಲಿ ಕೊಟ್ಟ ಪರಿಹಾರದ ಪ್ರಕಾರ ಪದರದ ದಪ್ಪ 6 ಮಿಲಿಮೀಟರ್, ಘರ್ಷಣಾಂಕ (ಗಾಳಿ ಫಲಕವನ್ನು ಉಜ್ಜುವ ಬಲದ ಅಳತೆ) 0.0008. ಮುಂದಂಚಿನಲ್ಲೇ ಮರಳುಕಾಗದದ ಪಟ್ಟಿ ಅಂಟಿಸಿ ಟರ್ಬ್ಯುಲೆಂಟ್ ಮಾಡಿಬಿಟ್ಟರೆ ದಪ್ಪ 25 ಮಿಲಿಮೀಟರ್, ಘರ್ಷಣಾಂಕ 0.004. ಅದೇ ಫಲಕ, ಅದೇ ಗಾಳಿ, ಎಳೆತ ಮಾತ್ರ ಐದು ಪಟ್ಟು. ವಿಮಾನದ ಇಂಧನ, ಟರ್ಬೈನ್ ಬ್ಲೇಡಿಗೆ ತಗಲುವ ಶಾಖ ಎರಡೂ ಈ ಐದು ಪಟ್ಟಿನ ವ್ಯತ್ಯಾಸದ ಮೇಲೆ ನಿಂತಿವೆ. ಹಾಗಾಗಿ ನಡುವಿನ ವಲಯ ಎಲ್ಲಿ ಶುರುವಾಗುತ್ತದೆ ಎನ್ನುವಷ್ಟೇ ಮುಖ್ಯ ಪ್ರಶ್ನೆ ಅದು ಎಷ್ಟು ಉದ್ದ ಎನ್ನುವುದು.

ಧವನ್ ತಂದ ಶಿಸ್ತು

ಕಥೆ ನಿಜವಾಗಿ ಶುರುವಾಗುವುದು ಸತೀಶ್ ಧವನ್ ಅವರಿಂದ. ಇಸ್ರೋ ಅಧ್ಯಕ್ಷರಾಗಿ ಅವರನ್ನು ಎಲ್ಲರೂ ಬಲ್ಲರು. ಅದಕ್ಕೂ ಮೊದಲು ಅವರು ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ಹಾನ್ಸ್ ಲೀಪ್‌ಮನ್ ಅವರ ವಿದ್ಯಾರ್ಥಿ. ಫಲಕದ ಮೇಲೆ ಗಾಳಿ ಉಜ್ಜುವ ಬಲವನ್ನು ನೇರವಾಗಿ ಅಳೆದದ್ದು, ಅದನ್ನೂ ಶಬ್ದಾತೀತ ಹರಿವಿನಲ್ಲಿ ಅಳೆದದ್ದು ಅವರ ಪಿಎಚ್‌ಡಿ ಕೆಲಸ. 1951ರಲ್ಲಿ ಅವರು ಬೆಂಗಳೂರಿಗೆ ಬಂದರು.

ನೇರ ಅಳತೆ ಎಂದರೇನು? ಫಲಕದಲ್ಲಿ ಒಂದು ಚಿಕ್ಕ ತುಂಡನ್ನು ಕತ್ತರಿಸಿ ಬಿಡಿಸಿ, ಸುತ್ತ ಕೂದಲೆಳೆಯ ಸಂದು ಬಿಟ್ಟು, ತೆಳು ಸ್ಪ್ರಿಂಗುಗಳ ಮೇಲೆ ಕೂರಿಸುವುದು. ಗಾಳಿ ಎಳೆದಾಗ ತುಂಡು ಎಷ್ಟು ಸರಿಯುತ್ತದೆ ಎಂಬುದರಿಂದ ಬಲ ಗೊತ್ತಾಗುತ್ತದೆ. ಹೇಳುವುದಕ್ಕೆ ಸುಲಭ. ಮೇಲಿನ ಉದಾಹರಣೆಯಲ್ಲಿ 2 ಸೆಂಟಿಮೀಟರ್ ಚೌಕದ ತುಂಡಿನ ಮೇಲೆ ಬೀಳುವ ಬಲ, ತೂಕದ ಲೆಕ್ಕದಲ್ಲಿ, ಟರ್ಬ್ಯುಲೆಂಟ್ ಆದರೆ 10 ಮಿಲಿಗ್ರಾಂ, ಲ್ಯಾಮಿನಾರ್ ಆದರೆ 2 ಮಿಲಿಗ್ರಾಂ. ತುಂಡಿನ ದಪ್ಪ 1 ಮಿಲಿಮೀಟರ್ ಎಂದುಕೊಳ್ಳಿ. ಅದರ ಮುಂದಿನ ಸಂದಿಗೂ ಹಿಂದಿನ ಸಂದಿಗೂ ಒತ್ತಡದಲ್ಲಿ ಬರೀ 1 ಪಾಸ್ಕಲ್ ವ್ಯತ್ಯಾಸ ಇದ್ದರೆ ಅದರಿಂದಲೇ 2 ಮಿಲಿಗ್ರಾಂ ಸುಳ್ಳು ಬಲ ಹುಟ್ಟುತ್ತದೆ. ಟರ್ಬ್ಯುಲೆಂಟ್ ಅಳತೆಯಲ್ಲಿ ಅದು 20% ತಪ್ಪು. ಲ್ಯಾಮಿನಾರ್ ಅಳತೆಯಲ್ಲಿ ಅಳೆಯಬೇಕಾದ ಬಲದಷ್ಟೇ ತಪ್ಪು. ತುಂಡಿನ ಮೇಲ್ಮೈ ಫಲಕಕ್ಕಿಂತ ಚೂರು ಮೇಲೆದ್ದಿದ್ದರೆ ಗಾಳಿ ಅದರ ಅಂಚಿಗೇ ಬಡಿಯುತ್ತದೆ. ಕೆಳಗಿದ್ದರೆ ಇನ್ನೊಂದು ಬಗೆಯ ತಪ್ಪು. ಫಲಕ ಬಿಸಿಯಾಗಿ ಹಿಗ್ಗಿದರೆ ಸಂದು ಒಂದು ಕಡೆ ಮುಚ್ಚಿಕೊಳ್ಳುತ್ತದೆ. ಸುರಂಗದ ಫ್ಯಾನಿನ ನಡುಕ ಸ್ಪ್ರಿಂಗಿನ ಸಹಜ ಕಂಪನಕ್ಕೆ ತಾಳೆಯಾದರೆ ಮುಳ್ಳು ನಿಲ್ಲುವುದೇ ಇಲ್ಲ.

ಇಷ್ಟೆಲ್ಲ ಕಷ್ಟ ಏಕೆ? ಗಡಿಪದರದ ಬಹುತೇಕ ಬೇರೆ ಅಳತೆಗಳು ಘರ್ಷಣೆಯನ್ನು ಪರೋಕ್ಷವಾಗಿ ಊಹಿಸುತ್ತವೆ. ಗೋಡೆಯಿಂದ (ಅಂದರೆ ಫಲಕದ ಮೇಲ್ಮೈಯಿಂದ) ದೂರದ ಲಾಗರಿದಮ್‌ಗೆ ತಕ್ಕಂತೆ ವೇಗ ಏರುತ್ತದೆ ಎಂಬ ನಿಯಮವನ್ನು ವೇಗದ ನಕ್ಷೆಗೆ ಹಿಡಿಸಿ ಘರ್ಷಣೆ ಓದುವ ಕ್ಲೌಸರ್ ವಿಧಾನ, ಗೋಡೆಗೆ ಒತ್ತಿ ಇಟ್ಟು ಒತ್ತಡ ಅಳೆಯುವ ಪ್ರೆಸ್ಟನ್ ಕೊಳವೆ ಎರಡೂ 'ಇಲ್ಲಿ ಹರಿವು ಪೂರ್ತಿ ಟರ್ಬ್ಯುಲೆಂಟ್, ಗೋಡೆಯ ನಿಯಮ ಇಲ್ಲಿ ನಡೆಯುತ್ತದೆ' ಎಂದು ಮೊದಲೇ ಒಪ್ಪಿಕೊಂಡಿರುತ್ತವೆ. ನಡುವಿನ ವಲಯದಲ್ಲಿ ಆ ಒಪ್ಪಿಗೆಯೇ ಸುಳ್ಳು. ಉತ್ತರವನ್ನು ಮೊದಲೇ ಊಹಿಸಿಕೊಳ್ಳುವ ಉಪಕರಣದಿಂದ ಪ್ರಶ್ನೆ ಕೇಳಿದರೆ ಸಿಗುವುದು ನಮ್ಮ ಊಹೆಯೇ. ಈ ಎಚ್ಚರ ಧವನ್ ಅವರ ಶಿಷ್ಯಪರಂಪರೆಯಲ್ಲಿ ಕೊನೆತನಕ ಉಳಿಯಿತು.

ಕಲೆಗಳು, ಮತ್ತು ಒಂದು ನೇರಗೆರೆ

1951ರಲ್ಲೇ ಹಾರ್ವರ್ಡ್‌ನ ಎಮನ್ಸ್ ಒಂದು ವಿಚಿತ್ರ ಗಮನಿಸಿದ್ದರು. ಇಳಿಜಾರು ಮೇಜಿನ ಮೇಲೆ ತೆಳುವಾಗಿ ಹರಿಯುತ್ತಿದ್ದ ನೀರಿನಲ್ಲಿ ಟರ್ಬ್ಯುಲೆನ್ಸ್ ಒಂದು ಗೆರೆಯಲ್ಲಿ ಒಮ್ಮೆಗೇ ಏಳುತ್ತಿರಲಿಲ್ಲ. ಅಲ್ಲೊಂದು ಇಲ್ಲೊಂದು ಚಿಕ್ಕ ಕಲೆ ಹುಟ್ಟಿ, ಹರಿವಿನ ಜೊತೆ ಸಾಗುತ್ತ ಅಗಲವಾಗುತ್ತ, ಪಕ್ಕದ ಕಲೆಯೊಂದಿಗೆ ಬೆಸೆದುಕೊಂಡು ಕೊನೆಗೆ ಎಲ್ಲವನ್ನೂ ಆವರಿಸುತ್ತಿತ್ತು. ಶುಬಾವರ್ ಮತ್ತು ಕ್ಲೆಬನೋಫ್ 1955ರಲ್ಲಿ ಗಾಳಿಯಲ್ಲಿ ಇಂಥ ಕಲೆಗಳನ್ನು ಬೇಕೆಂದೇ ಹುಟ್ಟಿಸಿ ಅಳೆದರು. ಕಲೆಯ ಮೂತಿ ಹೊರಗಿನ ಗಾಳಿಯ ವೇಗದ ಸುಮಾರು 0.9 ಪಟ್ಟಿನಲ್ಲಿ ಓಡುತ್ತದೆ, ಬಾಲ 0.5 ಪಟ್ಟಿನಲ್ಲಿ; ಹಾಗಾಗಿ ಅದು ಉದ್ದಕ್ಕೆ ಎಳೆದುಕೊಳ್ಳುತ್ತಲೇ ಇರುತ್ತದೆ. ಪಕ್ಕಕ್ಕೆ ಪ್ರತಿ ಬದಿಗೆ ಸುಮಾರು 10 ಡಿಗ್ರಿ ಕೋನದಲ್ಲಿ ಹರಡುತ್ತದೆ.

ಹಾಗಾದರೆ ವಲಯದ ಯಾವುದೇ ಬಿಂದುವಿನಲ್ಲಿ ನಿಂತರೆ ಸ್ವಲ್ಪ ಹೊತ್ತು ಲ್ಯಾಮಿನಾರ್, ಸ್ವಲ್ಪ ಹೊತ್ತು ಟರ್ಬ್ಯುಲೆಂಟ್. ಟರ್ಬ್ಯುಲೆಂಟ್ ಆಗಿರುವ ಕಾಲದ ಪಾಲಿಗೆ ಇಂಟರ್‌ಮಿಟೆನ್ಸಿ ಎಂದು ಹೆಸರು, ಗುರುತು ಗಾಮಾ. ಸೊನ್ನೆಯಿಂದ 1ರವರೆಗೆ ಅದು ಹೇಗೆ ಏರುತ್ತದೆ?

ಎಮನ್ಸ್ ಅವರ ಲೆಕ್ಕದಲ್ಲಿ ಕಲೆಗಳು ಫಲಕದ ಉದ್ದಕ್ಕೂ ಎಲ್ಲಿ ಬೇಕಾದರೂ ಸಮಾನ ಸಾಧ್ಯತೆಯಿಂದ ಹುಟ್ಟುತ್ತವೆ. ಹಾಗಿದ್ದರೆ ಗಾಮಾ ದೂರದ ಘನದ ಮೇಲೆ ಅವಲಂಬಿಸಿ ನಿಧಾನವಾಗಿ ಏರಬೇಕು. ಅಳತೆಗಳು ಹಾಗೆ ಹೇಳುತ್ತಿರಲಿಲ್ಲ. 1953ರಲ್ಲಿ ಬಿ.ಇ. ಮುಗಿಸಿ ವಿಜ್ಞಾನ ಸಂಸ್ಥೆಗೆ ಬಂದು ಧವನ್ ಅವರ ಕೈಕೆಳಗೆ ಕೆಲಸಕ್ಕೆ ಇಳಿದಿದ್ದ ನರಸಿಂಹ, 1957ರ ಎರಡು ಪುಟಗಳ ಟಿಪ್ಪಣಿಯಲ್ಲಿ ಇನ್ನೊಂದು ಊಹೆ ಮುಂದಿಟ್ಟರು: ಕಲೆಗಳು ಹುಟ್ಟುವುದು ಒಂದು ಕಿರಿದಾದ ಅಡ್ಡಪಟ್ಟಿಯಲ್ಲಿ ಮಾತ್ರ. ಆ ಪಟ್ಟಿಯ ಮುಂಚೆ ಹುಟ್ಟುವುದಿಲ್ಲ, ದಾಟಿದ ಮೇಲೆ ಹೊಸವು ಹುಟ್ಟುವುದು ಲೆಕ್ಕಕ್ಕೆ ಬರುವಷ್ಟಿಲ್ಲ. ಹೀಗೆಂದ ಕೂಡಲೇ ಘನ ಹೋಗಿ ವರ್ಗ ಬರುತ್ತದೆ. ಕಲೆಗಳ ಆಕಾರದ ವಿವರವೆಲ್ಲ ಒಂದು ಉದ್ದದ ಅಳತೆಯೊಳಗೆ ಅಡಗಿಬಿಡುತ್ತದೆ. ಆ ಉದ್ದ ಲ್ಯಾಮ್ಡಾ, ಅಂದರೆ ಗಾಮಾ 0.25 ಇರುವ ಜಾಗದಿಂದ 0.75 ಇರುವ ಜಾಗಕ್ಕಿರುವ ದೂರ. ವಲಯದ ಆರಂಭದಿಂದ ದೂರವನ್ನು ಲ್ಯಾಮ್ಡಾದಿಂದ ಭಾಗಿಸಿ ವರ್ಗ ಮಾಡಿ, 0.412ರಿಂದ ಗುಣಿಸಿ, ಋಣ ಚಿಹ್ನೆ ಹಾಕಿ e ಎಂಬ ಸಂಖ್ಯೆಯ ಘಾತಾಂಕಕ್ಕೇರಿಸಿ, ಬಂದದ್ದನ್ನು 1ರಿಂದ ಕಳೆದರೆ ಗಾಮಾ. ಅಷ್ಟೇ.

0.412 ಎಲ್ಲಿಂದ ಬಂತು ಎಂದು ತಲೆಕೆಡಿಸಿಕೊಳ್ಳುವವರಿದ್ದಾರೆ. ಅದು ಪ್ರಯೋಗದಿಂದ ಹೊಂದಿಸಿದ ಅಂಕಿಯಲ್ಲ, ಲ್ಯಾಮ್ಡಾವನ್ನು 0.25 ಮತ್ತು 0.75ರ ನಡುವಿನ ದೂರ ಎಂದು ನಿಗದಿ ಮಾಡಿದ್ದರಿಂದ ತಾನಾಗಿ ಬಂದದ್ದು. ಗಾಮಾ 0.25 ಆಗುವುದು ಲ್ಯಾಮ್ಡಾದ 0.836 ಪಟ್ಟು ದೂರದಲ್ಲಿ, 0.75 ಆಗುವುದು 1.834 ಪಟ್ಟು ದೂರದಲ್ಲಿ, ವ್ಯತ್ಯಾಸ ಹೆಚ್ಚುಕಡಿಮೆ 1. ಬೇಕಾದರೆ ಕ್ಯಾಲ್ಕುಲೇಟರ್ ಒತ್ತಿ ನೋಡಿ.

ಈ ಸೂತ್ರದ ನಿಜವಾದ ಲಾಭ ಅಳತೆ ಮಾಡುವವರಿಗೆ. ಗಾಮಾದ ಪ್ರತಿ ಅಳತೆಯನ್ನೂ 1ರಿಂದ ಕಳೆಯಿರಿ, ಸ್ವಾಭಾವಿಕ ಲಾಗರಿದಮ್ ತೆಗೆದು ಚಿಹ್ನೆ ತಿರುಗಿಸಿ, ವರ್ಗಮೂಲ ತೆಗೆಯಿರಿ. ಬಂದದ್ದನ್ನು ದೂರದ ಎದುರು ಗುರುತಿಸಿದರೆ ನೇರಗೆರೆ ಬರಬೇಕು. ಗೆರೆ ದೂರದ ಅಕ್ಷವನ್ನು ಕಡಿಯುವ ಜಾಗವೇ ವಲಯದ ಆರಂಭ, ಇಳಿಜಾರಿನಿಂದ ಲ್ಯಾಮ್ಡಾ. ಆರಂಭವನ್ನು ಕಣ್ಣಂದಾಜಿನಲ್ಲಿ ಆರಿಸುವ ಪಾಡು ತಪ್ಪುತ್ತದೆ. ಒಂದೇ ಜಾಗ್ರತೆ: ಗಾಮಾ 0.05ಕ್ಕಿಂತ ಕೆಳಗಿನ ಮತ್ತು 0.95ಕ್ಕಿಂತ ಮೇಲಿನ ಬಿಂದುಗಳನ್ನು ಗೆರೆ ಹೊಂದಿಸಲು ಬಳಸಬೇಡಿ. ಗಾಮಾ 0.98ಕ್ಕೂ 0.99ಕ್ಕೂ ಇರುವ ಅಂತರ ಅಳತೆಯ ಗೊಂದಲದೊಳಗೇ ಮುಳುಗುವಷ್ಟು. ನಕ್ಷೆಯಲ್ಲಿ ಅದು 1.98ರಿಂದ 2.15ಕ್ಕೆ ಜಿಗಿಯುತ್ತದೆ.

ಧವನ್ ಮತ್ತು ನರಸಿಂಹ ಇಬ್ಬರೂ ಸೇರಿ 1958ರಲ್ಲಿ ಜರ್ನಲ್ ಆಫ್ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಪ್ರಕಟಿಸಿದ ಲೇಖನ ಇದನ್ನು ಪೂರ್ತಿ ಮಾಡಿತು. ವಲಯದ ಒಳಗಿನ ಸರಾಸರಿ ವೇಗವೂ ಘರ್ಷಣೆಯೂ ಎರಡು ಹರಿವುಗಳ ಬೆರಕೆ: ಲ್ಯಾಮಿನಾರ್ ಮೌಲ್ಯಕ್ಕೆ 1ರಿಂದ ಗಾಮಾ ಕಳೆದಷ್ಟು ಪಾಲು, ಟರ್ಬ್ಯುಲೆಂಟ್ ಮೌಲ್ಯಕ್ಕೆ ಗಾಮಾದಷ್ಟು ಪಾಲು. ಇದರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಟರ್ಬ್ಯುಲೆಂಟ್ ಪದರವನ್ನು ಫಲಕದ ಮುಂದಂಚಿನಿಂದ ಬೆಳೆದದ್ದು ಎಂದು ಲೆಕ್ಕ ಹಾಕಬಾರದು. ಅದು ಹುಟ್ಟಿದ್ದು ವಲಯದ ಆರಂಭದಲ್ಲಿ. ಹೊಸದಾಗಿ ಹುಟ್ಟಿದ ತೆಳು ಪದರವಾದ್ದರಿಂದ ಅದರ ಘರ್ಷಣೆ ಜಾಸ್ತಿ. ವಲಯ ಮುಗಿಯುವ ಹೊತ್ತಿಗೆ ಅಳೆದ ಘರ್ಷಣಾಂಕ ಪಠ್ಯಪುಸ್ತಕದ ಟರ್ಬ್ಯುಲೆಂಟ್ ಗೆರೆಯನ್ನೂ ಮೀರಿ ಏರಿ ನಂತರ ಇಳಿಯುವುದಕ್ಕೆ ಕಾರಣ ಇದೇ. ಈ ಉಬ್ಬು ಕಂಡು ಉಪಕರಣ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ.

ಲ್ಯಾಮ್ಡಾ ಎಷ್ಟಿರುತ್ತದೆ? ಆ ಲೇಖನದ ಅಂದಾಜಿನಲ್ಲಿ ಲ್ಯಾಮ್ಡಾದ ರೆನಾಲ್ಡ್ಸ್ ಸಂಖ್ಯೆ ಎಂದರೆ ಆರಂಭದ ರೆನಾಲ್ಡ್ಸ್ ಸಂಖ್ಯೆಯ 0.8 ಘಾತದ 5 ಪಟ್ಟು. 1985ರ ವಿಸ್ತೃತ ವಿಮರ್ಶೆಯಲ್ಲಿ ನರಸಿಂಹ ಅದನ್ನು 0.75 ಘಾತದ 9 ಪಟ್ಟು ಎಂದು ತಿದ್ದಿದರು. ಸೆಕೆಂಡಿಗೆ 30 ಮೀಟರ್ ಗಾಳಿ, ಆರಂಭ 10 ಲಕ್ಷದಲ್ಲಿ, ಅಂದರೆ ಮುಂದಂಚಿನಿಂದ ಅರ್ಧ ಮೀಟರಿನಲ್ಲಿ. ಮೊದಲ ಸೂತ್ರದಿಂದ ಲ್ಯಾಮ್ಡಾ 16 ಸೆಂಟಿಮೀಟರ್, ಎರಡನೆಯದರಿಂದ 14. ಆರಂಭದಿಂದ ಗಾಮಾ 0.99 ಆಗುವವರೆಗಿನ ದೂರ ಲ್ಯಾಮ್ಡಾದ 3.3 ಪಟ್ಟು. ಅಂದರೆ ಅರ್ಧ ಮೀಟರ್ ಲ್ಯಾಮಿನಾರ್ ಹರಿವಿನ ಬಾಲಕ್ಕೆ ಸರಿಸುಮಾರು ಅರ್ಧ ಮೀಟರ್ ನಡುವಿನ ವಲಯ. ಚುಕ್ಕಿಗೆರೆಯ ಅಗಲ ಇಷ್ಟು.

ಅಳೆಯುವಾಗ ಏನೇನು ಕೈಕೊಡುತ್ತದೆ

ಇಂಥ ಪ್ರಯೋಗ ಕೆಡುವುದು ಬಹುಪಾಲು ಫಲಕದ ಮೊದಲ ಗೇಣಿನಲ್ಲಿ. ಮುಂದಂಚು ಅರ್ಧವೃತ್ತವಾಗಿದ್ದರೆ ಅದು ಫಲಕಕ್ಕೆ ಸೇರುವ ಜಾಗದಲ್ಲಿ ಗಾಳಿ ಬಿಟ್ಟುಹೋಗಿ ಅಲ್ಲೇ ಟರ್ಬ್ಯುಲೆಂಟ್ ಆಗುತ್ತದೆ. ಉದ್ದನೆಯ ದೀರ್ಘವೃತ್ತದ ಆಕಾರ ಬೇಕು. ಗಾಳಿ ಮುಂದಂಚಿಗೆ ಬಡಿಯುವ ಬಿಂದು ಅಳತೆಯ ಬದಿಯಲ್ಲೇ ಇರಬೇಕು, ಅದಕ್ಕೆಂದೇ ಹಿಂದಂಚಿಗೆ ಒಂದು ಫ್ಲಾಪ್ ಕೂರಿಸಿ ತಿರುಗಿಸುತ್ತಾರೆ. ಫಲಕದ ಮೇಲೆ ಒಂದು ಧೂಳಿನ ಕಣ ಕೂತರೂ ಅದರ ಹಿಂದೆ 10 ಡಿಗ್ರಿ ಕೋನದ ಟರ್ಬ್ಯುಲೆಂಟ್ ಬೆಣೆ ಹರಡುತ್ತದೆ. ಸುರಂಗದ ಪಕ್ಕದ ಗೋಡೆ ಫಲಕಕ್ಕೆ ಸೇರುವ ಮೂಲೆಗಳಿಂದಲೂ ಇದೇ ಕೋನದಲ್ಲಿ ಎರಡು ಬೆಣೆಗಳು ಒಳಗೆ ಬರುತ್ತವೆ. ಅರ್ಧ ಮೀಟರ್ ಅಗಲದ ಫಲಕವಾದರೆ ಒಂದೂವರೆ ಮೀಟರ್ ಸಾಗುವಷ್ಟರಲ್ಲಿ ಎರಡೂ ಮಧ್ಯದಲ್ಲಿ ಕೂಡಿಬಿಡುತ್ತವೆ, ಆಮೇಲೆ ಅಳೆಯುವುದಕ್ಕೆ ಏನೂ ಉಳಿಯುವುದಿಲ್ಲ.

ಹೊರಗಿನ ಗಾಳಿಯ ಕಲಕಾಟ ಇನ್ನೂ ದೊಡ್ಡ ತಲೆನೋವು. ಲ್ಯಾಮಿನಾರ್ ಪದರದೊಳಗೆ ಬೆಳೆದು ಟರ್ಬ್ಯುಲೆನ್ಸ್‌ಗೆ ದಾರಿ ಮಾಡುತ್ತವೆ ಎಂದು ಟೋಲ್ಮಿನ್ ಮತ್ತು ಶ್ಲಿಕ್ಟಿಂಗ್ ಲೆಕ್ಕ ಹಾಕಿ ಹೇಳಿದ್ದ ಅಲೆಗಳನ್ನು ವರ್ಷಗಟ್ಟಲೆ ಯಾರೂ ಕಾಣಲಿಲ್ಲ. ಆ ಕಾಲದ ಸುರಂಗಗಳೇ ಅಷ್ಟು ಗದ್ದಲದವು. ಶುಬಾವರ್ ಮತ್ತು ಸ್ಕ್ರಾಮ್‌ಸ್ಟಾಡ್ 1940ರ ದಶಕದಲ್ಲಿ ಸುರಂಗಕ್ಕೆ ಜಾಲರಿಗಳ ಮೇಲೆ ಜಾಲರಿ ಹಾಕಿ ಕಲಕಾಟವನ್ನು 0.1%ಕ್ಕಿಂತ ಎಷ್ಟೋ ಕೆಳಗಿಳಿಸಿದಾಗಲೇ ಅವು ಕಣ್ಣಿಗೆ ಬಿದ್ದದ್ದು. ಆಗ ಲ್ಯಾಮಿನಾರ್ ಹರಿವು 28 ಲಕ್ಷ ರೆನಾಲ್ಡ್ಸ್ ಸಂಖ್ಯೆಯವರೆಗೆ ಉಳಿಯಿತು. ಹಾಗಾಗಿ '5 ಲಕ್ಷ' ಎನ್ನುವುದು ಪ್ರಕೃತಿ ನಿಯಮವಲ್ಲ. ಒಂದು ಸಾಧಾರಣ ಸುರಂಗದ ಗುಣ.

ಗಾಮಾ ಅಳೆಯುವುದಕ್ಕೆ ಅತಿ ಅಗ್ಗದ ಸಾಧನ ಪಿಟಾಟ್ ಕೊಳವೆಗೆ (ಗಾಳಿಗೆ ಬಾಯೊಡ್ಡಿ ಒತ್ತಡ ಅಳೆಯುವ ಸಣ್ಣ ಕೊಳವೆ) ಸಿಕ್ಕಿಸಿದ ಸ್ಟೆತಸ್ಕೋಪ್. ಲ್ಯಾಮಿನಾರ್ ಆದರೆ ಮೌನ, ಕಲೆ ಹಾದಾಗ ಚಟ್ ಎಂಬ ಸದ್ದು, ಪೂರ್ತಿ ಟರ್ಬ್ಯುಲೆಂಟ್ ಆದರೆ ಒಂದೇ ಸಮನೆ ಮೊರೆತ. ಫಲಕ ಸರಿಯಾಗಿ ಕೂತಿದೆಯೇ ಎಂದು ಐದು ನಿಮಿಷದಲ್ಲಿ ತಿಳಿಯಲು ಇವತ್ತಿಗೂ ಇದಕ್ಕಿಂತ ಒಳ್ಳೆಯದಿಲ್ಲ. ಅಂಕಿಗೆ ಮಾತ್ರ ಹಾಟ್ ವೈರ್, ಅಂದರೆ ಕಾದ ತಂತಿ ಬೇಕು. 5 ಮೈಕ್ರಾನ್ ದಪ್ಪದ ಟಂಗ್‌ಸ್ಟನ್ ತಂತಿಯನ್ನು ಎರಡು ಮುಳ್ಳುಗಳ ನಡುವೆ ಬೆಸೆದು, ಕರೆಂಟ್ ಹಾಯಿಸಿ 200 ಡಿಗ್ರಿಗೂ ಮೀರಿ ಕಾಯಿಸುತ್ತಾರೆ. ಗಾಳಿ ಅದನ್ನು ತಣಿಸಿದಷ್ಟೂ ಸರ್ಕ್ಯೂಟ್ ಹೆಚ್ಚು ವೋಲ್ಟೇಜ್ ಕೊಟ್ಟು ತಾಪ ಉಳಿಸಿಕೊಳ್ಳುತ್ತದೆ. ಆ ವೋಲ್ಟೇಜಿನಿಂದ ವೇಗ. ಗಾಳಿಯ ತಾಪ 1 ಡಿಗ್ರಿ ಏರಿದರೆ ವೇಗದಲ್ಲಿ ಸುಮಾರು 2% ತಪ್ಪು. ಫ್ಯಾನ್ ಓಡುತ್ತ ಓಡುತ್ತ ಸುರಂಗದ ಗಾಳಿ ಬಿಸಿಯಾಗುವುದರಿಂದ ಥರ್ಮಾಮೀಟರ್ ಪಕ್ಕದಲ್ಲೇ ಇರಬೇಕು, ಅಳತೆಗೆ ಮುಂಚೆಯೂ ಆಮೇಲೂ ಕ್ಯಾಲಿಬ್ರೇಶನ್ ಆಗಬೇಕು. ಎರಡೂ ಹೊಂದದಿದ್ದರೆ ಆ ದಿನದ ಅಳತೆ ಕಸದ ಬುಟ್ಟಿಗೆ.

ಸಿಗ್ನಲ್ ಸಿಕ್ಕ ಮೇಲೆ ಯಾವುದು ಕಲೆ, ಯಾವುದು ಅಲ್ಲ ಎಂದು ತೀರ್ಮಾನಿಸಬೇಕು. ರೂಢಿ ಹೀಗಿದೆ: ವೇಗದ ಕಾಲವ್ಯುತ್ಪನ್ನ (ವೇಗ ಎಷ್ಟು ಬೇಗ ಬದಲಾಗುತ್ತಿದೆ ಎಂಬುದು) ತೆಗೆದು ವರ್ಗ ಮಾಡು, ಚಿಕ್ಕ ಕಿಟಕಿಯಲ್ಲಿ ಸರಾಸರಿ ಮಾಡಿ ನಯಗೊಳಿಸು, ಒಂದು ಮಿತಿಗಿಂತ ಮೇಲಿದ್ದರೆ 1, ಕೆಳಗಿದ್ದರೆ 0. ನಯಗೊಳಿಸದಿದ್ದರೆ ಕಲೆಯ ಒಳಗೇ ವ್ಯುತ್ಪನ್ನ ಸೊನ್ನೆ ದಾಟಿದಾಗೆಲ್ಲ 'ಲ್ಯಾಮಿನಾರ್' ಎಂದು ಸುಳ್ಳು ದಾಖಲಾಗುತ್ತದೆ. ಕಿಟಕಿ ವಿಪರೀತ ದೊಡ್ಡದಾದರೆ ಚಿಕ್ಕ ಕಲೆಗಳು ಮಾಯ, ಹತ್ತಿರದ ಎರಡು ಕಲೆಗಳು ಒಂದಾಗಿಬಿಡುತ್ತವೆ. ಮಿತಿಯನ್ನು ಎಷ್ಟಿಟ್ಟರೆ ಸರಿ ಎಂಬುದಕ್ಕೆ ಸರ್ವಸಮ್ಮತ ಉತ್ತರವಿಲ್ಲ. ಮಿತಿಯನ್ನು ಅತ್ತಿತ್ತ ಸರಿಸಿ, ಗಾಮಾ ಹೆಚ್ಚು ಬದಲಾಗದ ಜಾಗದಲ್ಲಿ ನಿಲ್ಲಿಸುವುದೇ ದಾರಿ. ಮೇಲೆ ಹೇಳಿದ ನೇರಗೆರೆ ಇಲ್ಲಿ ಇನ್ನೊಮ್ಮೆ ಕೈಹಿಡಿಯುತ್ತದೆ. ಚಪ್ಪಟೆ ಫಲಕದ ಅಳತೆಯಲ್ಲಿ ಗೆರೆ ಡೊಂಕಾದರೆ ಮೊದಲು ಅನುಮಾನಿಸಬೇಕಾದದ್ದು ಈ ಮಿತಿಯನ್ನೇ.

ಹಿಮ್ಮುಖ ಪಯಣ

ನಡುವೆ ನರಸಿಂಹ ಕ್ಯಾಲ್ಟೆಕ್‌ಗೆ ಹೋಗಿ ಲೀಪ್‌ಮನ್ ಅವರ ಬಳಿಯೇ 1961ರಲ್ಲಿ ಪಿಎಚ್‌ಡಿ ಮುಗಿಸಿದರು. ವಿಷಯ ಗಡಿಪದರವಲ್ಲ, ವಿರಳ ಅನಿಲಗಳು. ಆಘಾತ ತರಂಗವನ್ನೂ (ಶಬ್ದಾತೀತ ಹರಿವಿನಲ್ಲಿ ಒತ್ತಡ ಥಟ್ಟನೆ ಏರುವ ಜಾಗ) ಪಠ್ಯಪುಸ್ತಕ ಒಂದು ಗೆರೆಯಾಗಿಯೇ ಎಳೆಯುತ್ತದೆ. ಲೀಪ್‌ಮನ್ ಮತ್ತು ಚಹೀನ್ ಜೊತೆ ಅವರು 1962ರಲ್ಲಿ ಬರೆದದ್ದು ಆ ಗೆರೆಯ ಒಳರಚನೆಯ ಬಗ್ಗೆ. ವಿಷಯ ಬೇರೆ, ಚಾಳಿ ಅದೇ.

ಬೆಂಗಳೂರಿಗೆ ಮರಳಿದ ಮೇಲಿನ ಕೆಲಸದಲ್ಲಿ ನನಗೆ ಅತ್ಯಂತ ಚೆಂದ ಕಾಣುವುದು ಹಿಮ್ಮುಖ ಬದಲಾವಣೆ: ಟರ್ಬ್ಯುಲೆಂಟ್ ಹರಿವು ಮತ್ತೆ ಲ್ಯಾಮಿನಾರ್ ಥರ ವರ್ತಿಸುವುದು. ಕಲಕಿದ್ದು ತಾನಾಗಿ ಕಲಕದಂತಾಗುವುದು ಸಹಜಬುದ್ಧಿಗೆ ಒಪ್ಪುವ ಮಾತಲ್ಲ. ಆದರೆ ಗಾಳಿಯನ್ನು ಜೋರಾಗಿ ವೇಗವರ್ಧನೆಗೆ ಒಳಪಡಿಸಿದರೆ, ರಾಕೆಟ್ ನಾಜಲ್ ಅಥವಾ ಟರ್ಬೈನ್ ಬ್ಲೇಡುಗಳ ನಡುವೆ ಆಗುವಂತೆ, ಇದು ನಡೆಯುತ್ತದೆ. ರೂಢಿಯಲ್ಲಿರುವ ಅಳತೆಗೋಲು ಕೆ ಎಂಬ ಸಂಖ್ಯೆ: ಸ್ನಿಗ್ಧತೆಯನ್ನು ವೇಗದ ವರ್ಗದಿಂದ ಭಾಗಿಸಿ, ದೂರದೊಂದಿಗೆ ವೇಗ ಏರುವ ದರದಿಂದ ಗುಣಿಸಿದ್ದು. ಅದು ಹತ್ತು ಲಕ್ಷಕ್ಕೆ 3ರ ಆಸುಪಾಸು ದಾಟಿದರೆ ಹರಿವು ಹಿಂದಿರುಗುವ ಲಕ್ಷಣ ತೋರಿಸುತ್ತದೆ. ನಮ್ಮ ಸೆಕೆಂಡಿಗೆ 10 ಮೀಟರ್ ಗಾಳಿಗೆ ಇದರರ್ಥ ಪ್ರತಿ 10 ಸೆಂಟಿಮೀಟರಿಗೆ ವೇಗ ಸೆಕೆಂಡಿಗೆ 2 ಮೀಟರಿನಷ್ಟು ಏರಬೇಕು.

ನರಸಿಂಹ ಮತ್ತು ಅವರ ವಿದ್ಯಾರ್ಥಿ ಕೆ. ಆರ್. ಶ್ರೀನಿವಾಸನ್ 1973ರಲ್ಲಿ ಕೇಳಿದ ಪ್ರಶ್ನೆ ಇನ್ನೂ ಒಂದು ಹೆಜ್ಜೆ ಒಳಗಿನದು. ಟರ್ಬ್ಯುಲೆನ್ಸ್ ನಿಜಕ್ಕೂ ಸಾಯುತ್ತದೆಯೇ? ಅಳೆದರೆ ವೇಗದ ಏರಿಳಿತ ಅಷ್ಟೇನೂ ಕುಗ್ಗಿರುವುದಿಲ್ಲ. ಸರಾಸರಿ ವೇಗ ಏರಿದ್ದರಿಂದ ಅದರ ಹೋಲಿಕೆಯಲ್ಲಿ ಚಿಕ್ಕದಾಗಿ ಕಾಣುತ್ತದೆ. ಅವರ ಉತ್ತರ: ಒತ್ತಡದ ಇಳಿಜಾರು ಎಷ್ಟು ಬಲವಾಗಿದೆಯೆಂದರೆ ಅದರ ಮುಂದೆ ಟರ್ಬ್ಯುಲೆನ್ಸಿನ ಏರಿಳಿತ ಹುಟ್ಟಿಸುವ ಬಲಗಳು ಲೆಕ್ಕಕ್ಕೇ ಬರುವುದಿಲ್ಲ. ಹೊರಪದರದಲ್ಲಿ ಅವು ಹೆಪ್ಪುಗಟ್ಟಿದಂತೆ ಸುಮ್ಮನೆ ಸಾಗುತ್ತವೆ; ಗೋಡೆಯ ಬಳಿ ಹೊಸದೊಂದು ಲ್ಯಾಮಿನಾರ್ ಒಳಪದರ ಬೆಳೆಯುತ್ತದೆ. ಎರಡನ್ನೂ ಬೇರೆಬೇರೆ ಲೆಕ್ಕ ಹಾಕಿ ಜೋಡಿಸಿದರೆ ಪ್ರಯೋಗಕ್ಕೆ ಹೊಂದುವ ಉತ್ತರ ಬರುತ್ತದೆ, ಟರ್ಬ್ಯುಲೆನ್ಸ್ ಮಾದರಿಯೇ ಬೇಡ. ಇದಕ್ಕೆ ಅವರು ಆರಿಸಿದ ಅಳತೆಗೋಲು ಬೇರೆ: ಒತ್ತಡದ ಇಳಿಜಾರನ್ನು ಪದರದ ದಪ್ಪದಿಂದ ಗುಣಿಸಿ, ವೇಗವರ್ಧನೆಗೆ ಮುಂಚಿನ ಗೋಡೆ ಘರ್ಷಣೆಯಿಂದ ಭಾಗಿಸಿದ್ದು. ಅದು ಸುಮಾರು 50 ಮೀರಿದರೆ ಈ ಎರಡು ಪದರಗಳ ಚಿತ್ರ ಸರಿಹೊಂದುತ್ತದೆ. ಕುತೂಹಲಕ್ಕೆ ನಮ್ಮ ಉದಾಹರಣೆಯಲ್ಲೇ ಲೆಕ್ಕ ಹಾಕಿ: ಇಳಿಜಾರು ಮೀಟರಿಗೆ 240 ಪಾಸ್ಕಲ್, ದಪ್ಪ 25 ಮಿಲಿಮೀಟರ್, ಘರ್ಷಣೆ 0.24 ಪಾಸ್ಕಲ್, ಉತ್ತರ 25. ಕೆ ಮಿತಿ ಮುಟ್ಟಿದೆ, ಇದು ಅರ್ಧದಲ್ಲೇ ಇದೆ. ಒಂದೇ ಸಂಖ್ಯೆ ನೋಡಿ 'ಲ್ಯಾಮಿನಾರ್ ಆಯಿತು' ಎಂದು ಘೋಷಿಸುವವರು ಇಲ್ಲಿ ಮೋಸಹೋಗುತ್ತಾರೆ.

ಇಂಥ ಹರಿವಿನಲ್ಲಿ ಕ್ಲೌಸರ್ ನಕ್ಷೆಯಾಗಲಿ ಪ್ರೆಸ್ಟನ್ ಕೊಳವೆಯಾಗಲಿ ಬಳಸಿದರೆ ಬರುವ ಘರ್ಷಣೆ ಸುಳ್ಳು ಎಂದು ಬೇರೆ ಹೇಳಬೇಕಿಲ್ಲ. ಲಾಗರಿದಮ್ ನಿಯಮವೇ ಅಲ್ಲಿ ಮುರಿದುಬಿದ್ದಿರುತ್ತದೆ.

1979ರಲ್ಲಿ ಇಬ್ಬರೂ ಬರೆದ ದೊಡ್ಡ ವಿಮರ್ಶೆಯಲ್ಲಿ ಹಿಮ್ಮುಖ ಬದಲಾವಣೆಗೆ ಮೂರು ಬಗೆ ಗುರುತಿಸಿದರು: ಸ್ನಿಗ್ಧತೆ ಟರ್ಬ್ಯುಲೆನ್ಸಿನ ಶಕ್ತಿಯನ್ನು ತಿಂದುಹಾಕುವುದು, ಗುರುತ್ವದಂಥ ಬಾಹ್ಯಬಲದ ವಿರುದ್ಧ ದುಡಿದು ಆ ಶಕ್ತಿ ಹೀರಿಹೋಗುವುದು, ಮತ್ತು ಮೇಲೆ ಹೇಳಿದ ಒತ್ತಡದ ದಬ್ಬಾಳಿಕೆ.

ತಂತಿಯ ಉದ್ದದ ತಕರಾರು

1971ರ ಲೇಖನವೊಂದು ಇನ್ನೂ ಚರ್ಚೆಯಲ್ಲಿದೆ. ಸ್ಟ್ಯಾನ್‌ಫರ್ಡ್‌ನ ಕ್ಲೈನ್ ಮತ್ತು ಸಂಗಡಿಗರು 1967ರಲ್ಲಿ ಹೈಡ್ರೋಜನ್ ಗುಳ್ಳೆಗಳಿಂದ ಗೋಡೆಯ ಬಳಿಯ ಹರಿವನ್ನು ತೋರಿಸಿದ್ದರು: ನಿಧಾನ ಹರಿವಿನ ಉದ್ದುದ್ದ ಪಟ್ಟೆಗಳು, ಅವು ಆಗಾಗ ಮೇಲೆದ್ದು ಒಡೆಯುವುದು. ಈ ಒಡೆತಗಳು ಎಷ್ಟು ಹೊತ್ತಿಗೊಮ್ಮೆ ಆಗುತ್ತವೆ? ನರಹರಿ ರಾವ್, ನರಸಿಂಹ ಮತ್ತು ಬದರಿ ನಾರಾಯಣನ್ ಹಾಟ್ ವೈರ್ ಸಿಗ್ನಲನ್ನು ಫಿಲ್ಟರ್ ಮಾಡಿ ಎಣಿಸಿದರು. ಗೋಡೆಯ ಬಳಿಯ ಘಟನೆಯ ಗತಿ ಗೋಡೆಯ ಅಳತೆಗಳಿಗೆ (ಅಲ್ಲಿನ ಘರ್ಷಣೆ ಮತ್ತು ಸ್ನಿಗ್ಧತೆಯಿಂದ ಬರುವ ಉದ್ದ, ಕಾಲಗಳಿಗೆ) ಹೊಂದಬೇಕು ಎಂಬುದು ಸಹಜ ನಿರೀಕ್ಷೆ. ಬಂದ ಉತ್ತರ ಬೇರೆ: ಒಡೆತಗಳ ನಡುವಿನ ಕಾಲ ಇಡೀ ಪದರದ ದಪ್ಪ ಮತ್ತು ಹೊರಗಿನ ವೇಗಕ್ಕೆ ಹೊಂದುತ್ತದೆ. ಗೋಡೆಯ ಬಳಿಯ ಗಡಿಯಾರಕ್ಕೆ ಕೀ ಕೊಡುವುದು ಹೊರಪದರ.

1983ರಲ್ಲಿ ಬ್ಲ್ಯಾಕ್‌ವೆಲ್ಡರ್ ಮತ್ತು ಹಾರಿಟೊನಿಡಿಸ್ ಇದನ್ನು ಪ್ರಶ್ನಿಸಿದರು. ತಂತಿ ಉದ್ದವಿದ್ದರೆ ಚಿಕ್ಕ ಘಟನೆಗಳು ಸರಾಸರಿಯಲ್ಲಿ ಕರಗಿಹೋಗುತ್ತವೆ, ಚಿಕ್ಕ ತಂತಿಯಲ್ಲಿ ಅಳೆದರೆ ಗೋಡೆಯ ಅಳತೆಗಳೇ ಗೆಲ್ಲುತ್ತವೆ ಎಂದರು. ತಕರಾರು ಎಷ್ಟು ಗಟ್ಟಿ ಎಂದು ನಮ್ಮ ಉದಾಹರಣೆಯಲ್ಲೇ ನೋಡಬಹುದು. ಅಲ್ಲಿ ಗೋಡೆಯ ಅಳತೆಯ ಮೂಲಮಾನ 33 ಮೈಕ್ರಾನ್. ಪಟ್ಟೆಗಳ ನಡುವಿನ ದೂರ ಸುಮಾರು 100 ಮಾನ, ಅಂದರೆ 3.3 ಮಿಲಿಮೀಟರ್. 5 ಮೈಕ್ರಾನ್ ತಂತಿ ದಪ್ಪದ 200 ಪಟ್ಟು ಉದ್ದವಿರಬೇಕು, ಇಲ್ಲದಿದ್ದರೆ ಶಾಖ ಮುಳ್ಳುಗಳಿಗೆ ಸೋರುತ್ತದೆ. ಹಾಗಾಗಿ 1 ಮಿಲಿಮೀಟರ್, ಅಂದರೆ 30 ಮಾನ. ಇರಬೇಕಾದದ್ದು 20ರ ಒಳಗೆ. 2.5 ಮೈಕ್ರಾನ್ ತಂತಿಗೆ ಇಳಿದರೆ ಅರ್ಧ ಮಿಲಿಮೀಟರಿನಲ್ಲಿ 15 ಮಾನ ಸಿಗುತ್ತದೆ, ಆದರೆ ಅಂಥ ತಂತಿ ಒಂದು ಧೂಳಿನ ಕಣಕ್ಕೇ ತುಂಡಾಗುತ್ತದೆ. ವೇಗ ಹೆಚ್ಚಿಸಿದರೆ ಮೂಲಮಾನ ಇನ್ನೂ ಕುಗ್ಗಿ ಕಷ್ಟ ಬೆಳೆಯುತ್ತದೆ. ಮೆಲ್ಬರ್ನ್‌ನಲ್ಲಿ 27 ಮೀಟರ್ ಉದ್ದದ ಸುರಂಗ ಕಟ್ಟಿದ್ದು ಸುಮ್ಮನಲ್ಲ: ವೇಗ ಏರಿಸದೆ ಪದರವನ್ನೇ ದಪ್ಪ ಮಾಡಿದರೆ ರೆನಾಲ್ಡ್ಸ್ ಸಂಖ್ಯೆಯೂ ಏರುತ್ತದೆ, ಮೂಲಮಾನವೂ ಅಳತೆಗೆ ಸಿಗುತ್ತದೆ.

ಆ ಸುರಂಗದವರು 2009ರ ಸುಮಾರಿಗೆ ತೋರಿಸಿದ್ದು, ಹೊರಗಿನ ದೊಡ್ಡ ರಚನೆಗಳು ಗೋಡೆಯ ಬಳಿಯ ಚಿಕ್ಕ ಏರಿಳಿತಗಳ ಜೋರನ್ನು ಏರಿಸಿ ಇಳಿಸುತ್ತವೆ ಎಂದು. 1971ರ ಎಣಿಕೆ ಅಕ್ಷರಶಃ ಸರಿಯೇ ಎಂಬುದು ಬೇರೆ ಮಾತು. ಹೊರಪದರದ ಕೈ ಗೋಡೆಯವರೆಗೆ ಚಾಚುತ್ತದೆ ಎಂಬ ಅದರ ತಿರುಳು ಈಗ ಬದಿಗಿಡಲಾಗದ ಮಾತು.

ನಂತರದ ಸಾಲುಗಳನ್ನು ಬೇಗ ದಾಟುತ್ತೇನೆ. 1984ರಿಂದ 1993ರವರೆಗೆ ನರಸಿಂಹ ಎನ್‌ಎಎಲ್ ನಿರ್ದೇಶಕ. 1986ರಲ್ಲಿ ಅಲ್ಲೇ ಫ್ಲೊಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಶುರುವಾಯಿತು, ಹರಿವಿನ ಸಮೀಕರಣಗಳನ್ನು ಬಿಡಿಸುವುದಕ್ಕೆಂದೇ. 1990ರ ಮಾನ್ಸೂನ್ ಗಡಿಪದರ ಪ್ರಯೋಗದಲ್ಲಿ ಜೋಧಪುರ, ಖರಗ್‌ಪುರ ಮುಂತಾದೆಡೆ 30 ಮೀಟರ್ ಎತ್ತರದ ಕಂಬಗಳಲ್ಲಿ ಉಪಕರಣ ಕಟ್ಟಿ ವಾತಾವರಣದ ಗಡಿಪದರ ಅಳೆದರು. ಬಿಸಿಲಿದ್ದು ಗಾಳಿ ತೀರ ಮೆಲ್ಲಗಿದ್ದಾಗ ನೆಲದ ಎಳೆತ ವೇಗದ ವರ್ಗಕ್ಕಲ್ಲ, ವೇಗಕ್ಕೇ ಅನುಪಾತದಲ್ಲಿ ಇರುತ್ತದೆ ಎಂದು ಆ ದತ್ತಾಂಶದಿಂದ 2006ರಲ್ಲಿ ಬಂದ ಲೇಖನ ಹೇಳಿತು. ಅದೂ ನಡುವಿನ ವಲಯವೇ, ಗಾಳಿಯೇ ನಡೆಸುವ ಹರಿವಿಗೂ ಶಾಖವೇ ನಡೆಸುವ ಹರಿವಿಗೂ ಮಧ್ಯೆ.

ಇವತ್ತು ನಡುವಿನ ವಲಯದ ಲೆಕ್ಕ ಹೆಚ್ಚಾಗಿ ನಡೆಯುವುದು ಸಾಫ್ಟ್‌ವೇರಿನಲ್ಲಿ. ಇದಕ್ಕೆ ಬಳಸುವ ಲ್ಯಾಂಗ್ಟ್ರಿ–ಮೆಂಟರ್ ಎಂಬ ಲೆಕ್ಕದ ಮಾದರಿಯಲ್ಲಿ ಗಾಮಾಗೇ ಒಂದು ಪ್ರತ್ಯೇಕ ಸಮೀಕರಣ ಇದೆ. ಅಲ್ಲಿನ ಗಾಮಾ ಅಳೆದ ಗಾಮಾ ಅಲ್ಲ, ಟರ್ಬ್ಯುಲೆನ್ಸ್ ಉತ್ಪಾದನೆಯನ್ನು ತೆರೆಯುವ ಮುಚ್ಚುವ ನಲ್ಲಿ. ಎರಡನ್ನೂ ನೇರವಾಗಿ ಹೋಲಿಸಬಾರದು. ಹೋಲಿಸಬೇಕಾದದ್ದು ಘರ್ಷಣೆಯನ್ನು. ಸಾಫ್ಟ್‌ವೇರ್ ಕೊಟ್ಟ ಘರ್ಷಣಾಂಕ ಲ್ಯಾಮಿನಾರ್ ಗೆರೆಯಿಂದ ಟರ್ಬ್ಯುಲೆಂಟ್ ಗೆರೆಯತ್ತ ಎಷ್ಟು ಪಾಲು ಏರಿದೆ ಎಂದು ಪ್ರತಿ ಜಾಗದಲ್ಲೂ ತೆಗೆಯಿರಿ (ಟರ್ಬ್ಯುಲೆಂಟ್ ಗೆರೆ ವಲಯದ ಆರಂಭದಿಂದ ಹೊರಟದ್ದಿರಲಿ). ಆ ಪಾಲನ್ನೇ ಗಾಮಾ ಎಂದುಕೊಂಡು ಲಾಗರಿದಮ್ ಮತ್ತು ವರ್ಗಮೂಲದ ನಕ್ಷೆ ಎಳೆಯಿರಿ. ಚಪ್ಪಟೆ ಫಲಕಕ್ಕೆ ನೇರಗೆರೆ ಬಾರದಿದ್ದರೆ ತಪ್ಪು ಮಾದರಿಯದ್ದು ಅಥವಾ ಜಾಲದ್ದು (ಲೆಕ್ಕಕ್ಕೆಂದು ಹರಿವಿನ ಜಾಗವನ್ನು ಸಣ್ಣ ಕೋಶಗಳಾಗಿ ಹಂಚಿದ ಬಲೆ). ಹರಿವಿನ ಉದ್ದಕ್ಕೆ ಜಾಲ ವಿರಳವಾಗಿದ್ದರೆ ವಲಯ ಎರಡು ಮೂರು ಕೋಶಗಳಲ್ಲೇ ಮುಗಿದುಹೋಗಿರುತ್ತದೆ. ಬ್ಲೇಡಿನಂತೆ ಒತ್ತಡ ಬದಲಾಗುವ ಮೇಲ್ಮೈಯಾದರೆ ಗೆರೆಯಲ್ಲಿ ಒಂದು ಮುರುಕು ಬರಬಹುದು. ನರಸಿಂಹ ಮತ್ತು ಸಂಗಡಿಗರು 1984ರಲ್ಲಿ ಅಳೆದು ಉಪಸಂಕ್ರಮಣ ಎಂದು ಗುರುತಿಸಿದ್ದು ಇದನ್ನೇ: ಒತ್ತಡದ ಇಳಿಜಾರು ಬದಲಾದಾಗ ಕಲೆಗಳು ಹರಡುವ ರೀತಿಯೂ ಬದಲಾಗಿ, ಒಂದು ಗೆರೆಯ ಬದಲು ಬೇರೆಬೇರೆ ಇಳಿಜಾರಿನ ಎರಡು ಗೆರೆಗಳು. ಪ್ರಯೋಗದಲ್ಲಿ ಮುರುಕಿದ್ದು ಸಾಫ್ಟ್‌ವೇರಿನಲ್ಲಿ ನೆಟ್ಟಗಿದ್ದರೆ, ಘರ್ಷಣೆಯ ಒಟ್ಟು ಮೊತ್ತ ಹೊಂದಿದರೂ ಬ್ಲೇಡಿನ ಮೇಲೆ ಶಾಖ ಹೆಚ್ಚು ಬೀಳುವ ಜಾಗ ತಪ್ಪಾಗಿ ಬಂದಿರುವ ಸಂಭವ ಹೆಚ್ಚು.